ಯಂಕಮ್ಮನ ಅಪ್ಪ

ಯಂಕಮ್ಮನ ಅಪ್ಪನನ್ನು ರಾಜನನ್ನಾಗಿ ಮಾಡಿದರು. ಬುಧವಾರ ಸಂಜೆ, ಇಂದಿರಾನಗರದ ಆಫೀಸಿನಲ್ಲಿ, ಮೂರು ಜನ ಕೂತು ಮಾಡಿದರು. ಬರೆದವನನ್ನು ಕೇಳಲಿಲ್ಲ.

ಬರೆದವನಾದ ದುರ್ಗೇಶನಿಗೆ ಇದು ಗೊತ್ತಾದದ್ದು ಗುರುವಾರ ಬೆಳಗ್ಗೆ, ರಾಮಮೂರ್ತಿ ನಗರದಿಂದ ಟಿನ್ ಫ್ಯಾಕ್ಟರಿಗೆ ಹೋಗುವ ಬಸ್ಸಿನಲ್ಲಿ, ಒಂದು ಕೈ ಮೇಲಿನ ಕಂಬಿಗೆ ಜೋತುಬಿದ್ದು ಇನ್ನೊಂದು ಕೈ ಮೊಬೈಲು ಹಿಡಿದಿದ್ದಾಗ. ಅವನ ಕಾದಂಬರಿಯ ಹೆಸರು ‘ಏಳು ಕೋಟೆಯ ನೀರು’. ಓದುವುದಲ್ಲ, ಕೇಳುವುದು, ವಾರಕ್ಕೆ ಎರಡು ಕಂತು, ಸೋಮವಾರ ಮತ್ತು ಶುಕ್ರವಾರ, ಮೊಬೈಲಿನ ಆ್ಯಪಿನಲ್ಲಿ ಬರುತ್ತಿತ್ತು. ಮಂತ್ರವಾದಿಯೊಬ್ಬ ನಾಡಿನ ನೀರನ್ನೆಲ್ಲ ಏಳು ಕೋಟೆಗಳೊಳಗೆ ಕೂಡಿಹಾಕಿದ್ದಾನೆ. ಗೋಡೆ ಕಟ್ಟುವ ಗೌಂಡಿಯ ಮಗಳು ಯಂಕಮ್ಮ, ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ದಾರದಲ್ಲಿ ಇಳಿಬಿಟ್ಟು ನೋಡುವ ಅಪ್ಪನ ಹಿತ್ತಾಳೆಯ ತೂಗುಗುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರು ಬಿಡಿಸಲು ಹೊರಟಿದ್ದಾಳೆ. ಹದಿನಾರು ಕಂತಿಗೆ ಆರು ಕೋಟೆ ಬಿದ್ದಿದ್ದವು. ಏಳನೆಯದರ ಮುಂದೆ ದುರ್ಗೇಶ ಬರೆದ ಯಂಕಮ್ಮ ಬಾಗಿಲಿನ ಕಡೆಗೆ ನೋಡುವುದೇ ಇಲ್ಲ. ಈ ಕೋಟೆಗಳನ್ನು ಕಟ್ಟಿದವರು ಅವಳ ಅಜ್ಜಂದಿರು. ಯಾವ ಗೋಡೆ ಎಲ್ಲಿ ಟೊಳ್ಳು ಎಂಬುದು ಅವಳಪ್ಪನಿಗೆ ಗೊತ್ತು. ಅವನು ಕಲಿಸಿದ ಹಾಗೆ ಬಡಿದು, ಕಿವಿಯಿಟ್ಟು, ಸದ್ದು ಹಿಡಿದು ಒಡೆಯುತ್ತಾಳೆ. ಮೊಬೈಲಿಗೆ ಈಗ ಬಂದಿದ್ದ ತಿದ್ದಿದ ಸ್ಕ್ರಿಪ್ಟಿನ ಯಂಕಮ್ಮ ಬಾಗಿಲಿನ ಮುಂದೆ ಸುಮ್ಮನೆ ನಿಂತಳು. ಬಾಗಿಲು ತಾನಾಗಿ ತೆರೆಯಿತು, ಯಾಕೆಂದರೆ ರಾಜರಕ್ತವನ್ನು ಕಲ್ಲೂ ಗುರುತಿಸುತ್ತದೆಯಂತೆ. ತೂಗುಗುಂಡಿಗೆ ಮೆತ್ತಿದ್ದ ಗಾರೆ ಕಳಚಿಬಿದ್ದು ಒಳಗಿನಿಂದ ರಾಜಮುದ್ರೆ ಹೊಳೆಯಿತು. ಗೌಂಡಿ ಸಾಕಿದವನಷ್ಟೆ, ಹುಟ್ಟಿಸಿದವನು ಬೇರೆ.

ದುರ್ಗೇಶನಿಗೆ ಮೊದಲು ಬಂದದ್ದು ನಗು. ತೂಗುಗುಂಡಿನೊಳಗೆ ರಾಜಮುದ್ರೆ ಇಟ್ಟುಕೊಂಡು ಇಷ್ಟು ವರ್ಷ ಗೋಡೆ ಅಳೆದ ಆ ಮುದುಕನನ್ನು ನೆನೆದು ಅವನು ಬಸ್ಸಿನಲ್ಲಿ ಗಟ್ಟಿಯಾಗಿಯೇ ನಕ್ಕ. ಪಕ್ಕದಲ್ಲಿ ಬ್ಯಾಗು ಅವುಚಿಕೊಂಡಿದ್ದ ಹೆಂಗಸು ಅರ್ಧ ಹೆಜ್ಜೆ ಸರಿದಳು. ಆಮೇಲೆ, ನಕ್ಕದ್ದಕ್ಕೆ ನಾಚಿಕೆಯಾಯಿತು. ಇದೇ ಹೊತ್ತಿಗೆ ಸಿ.ವಿ. ರಾಮನ್ ನಗರದಲ್ಲಿ, ಟೆಕ್ ಪಾರ್ಕಿನ ಹಿಂದೆ ಏಳುತ್ತಿರುವ ಹದಿನಾಲ್ಕು ಅಂತಸ್ತಿನ ಕಟ್ಟಡದಲ್ಲಿ, ಅವನ ಅಪ್ಪ ಜಟ್ಟೆಪ್ಪ ಒಂಬತ್ತನೆಯ ಅಂತಸ್ತಿನ ಗೋಡೆಗೆ ಅದೇ ಹಿತ್ತಾಳೆಯ ಗುಂಡನ್ನು ಇಳಿಬಿಟ್ಟಿರುತ್ತಾನೆ. ಲಿಂಗಸುಗೂರಿನ ಕಡೆಯಿಂದ ಬರುವಾಗ ಒಂದು ಚೀಲ, ಒಬ್ಬ ಹೆಂಡತಿ, ಮೂರು ವರ್ಷದ ಮಗ ಮತ್ತು ಆ ಗುಂಡು, ಇಷ್ಟೇ ತಂದಿದ್ದೆ ಎಂದು ಅವನು ಹೇಳುವುದುಂಟು. ಹೇಳುವಾಗ ಹೆಂಡತಿಯನ್ನು ಪಟ್ಟಿಯಲ್ಲಿ ಗುಂಡಿನ ಆಚೆಗೋ ಈಚೆಗೋ ಇಟ್ಟು ಮನೆಯಲ್ಲಿ ಬೈಸಿಕೊಳ್ಳುವುದೂ ಉಂಟು. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಮೊಬೈಲನ್ನು ಖಾಲಿ ಬಾಂಡ್ಲಿಯೊಳಗೆ ಇಡುತ್ತಾನೆ. ಸಿಮೆಂಟು ಹೊರುವ ಆ ಕಬ್ಬಿಣದ ತಟ್ಟೆಯಲ್ಲಿ ಇಟ್ಟರೆ ಸದ್ದು ಮೂರು ಪಟ್ಟು ದೊಡ್ಡದಾಗುತ್ತದೆ, ಇಪ್ಪತ್ತು ಜನ ಸುತ್ತ ಕೂತು ಕೇಳಬಹುದು. ನಾಳೆ ಶುಕ್ರವಾರ. ನಾಳೆ ಬಾಂಡ್ಲಿಯೊಳಗಿನಿಂದ ಯಂಕಮ್ಮ ಹೇಳುತ್ತಾಳೆ, ನಾನು ನಿನ್ನ ಮಗಳಲ್ಲ ಅಂತ.

ಬೆನ್ನಿಗಾನಹಳ್ಳಿಯಲ್ಲಿ ಮೆಟ್ರೊ ಹತ್ತಿದಾಗಲೂ ಅವನು ಅದೇ ಪುಟದಲ್ಲಿದ್ದ. ಕೆಳಗೆ ಪ್ರಿಯದರ್ಶಿನಿಯ ಟಿಪ್ಪಣಿ ಇತ್ತು, ಮೂರು ನಗುವ ಮುಖಗಳೊಂದಿಗೆ: ಸೂಪರ್ ಟ್ವಿಸ್ಟ್ ಆಗಿದೆ ಮಗಾ, ಇವತ್ತು ರೆಕಾರ್ಡಿಂಗು, ನಿಂದೂ ಒಂದು ಇಪ್ಪತ್ತು ಸೆಕೆಂಡ್ ಬೇಕು, ಬಾ. ಪ್ರಿಯದರ್ಶಿನಿ ಕಥಾವಿಭಾಗದ ಮುಖ್ಯಸ್ಥೆ, ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಸಲೀಸಾಗುತ್ತಿತ್ತು ಎಂದು ದುರ್ಗೇಶನಿಗೆ ಅನ್ನಿಸುತ್ತಿತ್ತು. ಅವನಿಗೆ ಡೆಂಗಿ ಬಂದಾಗ ದಿನಾ ಎಳನೀರು ಕಳಿಸಿದವಳು ಅವಳು. ಅವಳ ಕುರ್ಚಿಯ ಹಿಂದೆ ಲ್ಯಾಮಿನೇಟ್ ಮಾಡಿದ ಒಂದು ಚಾರ್ಟ್ ಇದೆ, ಗಡಿಯಾರದ ಹಾಗೆ ಹನ್ನೆರಡು ಮನೆ, ನಾಯಕನ ಪಯಣದ ಹನ್ನೆರಡು ಮೆಟ್ಟಿಲು: ಮಾಮೂಲಿ ಬದುಕು, ಕರೆ, ಕರೆಗೆ ನಿರಾಕರಣೆ, ಗುರು ಸಿಗುವುದು, ಹೊಸ್ತಿಲು ದಾಟುವುದು, ಹೀಗೆ ಹೋಗಿ ಹೋಗಿ ಕೊನೆಗೆ ಅಮೃತ ಹಿಡಿದು ಮನೆಗೆ ಬರುವವರೆಗೆ. ಪ್ರಪಂಚದ ಕಥೆಗಳೆಲ್ಲ ಇದರಲ್ಲೇ ಬರ್ತಾವೆ, ನಿಮ್ಮಜ್ಜಿ ಕಥೆನೂ ಬರುತ್ತೆ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಮೊದಲ ಕಂತಿನಲ್ಲಿ ಜಗಳ ಶುರುವಾದದ್ದು ಮೂರನೆಯ ಮೆಟ್ಟಿಲಿಗೆ. ನೀರು ತರಲು ಹೋಗುತ್ತೀಯಾ ಎಂದು ಊರವರು ಕೇಳಿದರೆ ಅವನ ಯಂಕಮ್ಮ ಸೆರಗು ಬಿಗಿದು ನಡೀರಿ ಅಂದುಬಿಟ್ಟಿದ್ದಳು. ಹಾಗೆ ಆಗಲ್ಲ, ಹೀರೋ ಆದವನು ಮೊದಲು ಬೇಡ ಅನ್ನಬೇಕು, ಭಯಪಡಬೇಕು, ಒಂದು ಅರ್ಧ ಪುಟ, ಜಾಸ್ತಿ ಬೇಡ ಅಂದಿದ್ದಳು ಪ್ರಿಯದರ್ಶಿನಿ. ಆ ಅರ್ಧ ಪುಟ ಅವನಿಗೆ ಬರೆಯಲು ಬರಲೇ ಇಲ್ಲ. ಕೂತು ಯೋಚಿಸಿದ. ಕರೆದ ಕೆಲಸಕ್ಕೆ ಒಲ್ಲೆ ಅಂದ ಒಬ್ಬರನ್ನೂ ಅವನು ತನ್ನ ಮನೆಯಲ್ಲಿ ನೋಡಿರಲಿಲ್ಲ. ಬಾ ಅಂದರೆ ಹೋಗುವುದು, ಹೊರು ಅಂದರೆ ಹೊರುವುದು, ಎದ್ದೇಳು ಅಂದರೆ ಗುಡಿಸಲು ಕಿತ್ತುಕೊಂಡು ಏಳುವುದು. ಭಯಪಟ್ಟು ಅರ್ಧ ಪುಟ ಸುಮ್ಮನೆ ಕೂರುವುದು ಯಾರ ಮನೆಯ ಸವಲತ್ತು? ಕಡೆಗೆ ಅದನ್ನು ಪ್ರಿಯದರ್ಶಿನಿಯೇ ಬರೆದು ಸೇರಿಸಿದಳು. ಚೆನ್ನಾಗಿಯೇ ಬರೆದಿದ್ದಳು.

ಇಂದಿರಾನಗರದಲ್ಲಿ ಬಾಗಿಲು ತೆರೆಯಿತು. ಜನ ಇಳಿದರು, ಜನ ಹತ್ತಿದರು. ದುರ್ಗೇಶ ಕಂಬ ಹಿಡಿದು ನಿಂತೇ ಇದ್ದ, ಬಾಗಿಲು ಮುಚ್ಚಿತು. ಬೇಕೆಂದೇ ಇಳಿಯಲಿಲ್ಲವೋ ಮರೆತೆನೋ ಎಂದು ಹಲಸೂರಿನವರೆಗೆ ಯೋಚಿಸಿದ, ಹಲಸೂರಿನಲ್ಲಿ ಇಳಿದು ಆಚೆ ಕಡೆಯ ರೈಲಿಗೆ ಹೋಗಿ ನಿಂತ. ಬಂದ ರೈಲಿನಲ್ಲಿ ಬಾಗಿಲಿನ ಪಕ್ಕದಲ್ಲೇ ಜಹನಾರಾ ಕೂತಿದ್ದಳು, ಹಣೆಯ ಬೆವರನ್ನು ದುಪಟ್ಟಾದ ತುದಿಯಿಂದ ಒರೆಸಿಕೊಳ್ಳುತ್ತ. ಜಹನಾರಾ ಯಂಕಮ್ಮನ ದನಿ. ಶಿವಾಜಿನಗರದ ಮನೆಯಿಂದ ಎಂ.ಜಿ. ರಸ್ತೆಯವರೆಗೆ ನಡೆದು ಮೆಟ್ರೊ ಹಿಡಿಯುತ್ತಾಳೆ, ದಾರಿಯುದ್ದಕ್ಕೂ ಯಂಕಮ್ಮನ ಮಾತನ್ನು ಬಾಯಿಪಾಠ ಮಾಡುತ್ತಾಳೆ. ರಸೆಲ್ ಮಾರ್ಕೆಟ್ಟಿನ ಹೂವಿನವರು ಅವಳಿಗೆ ಪಾಪ ತಲೆ ಕೆಟ್ಟಿದೆ ಅಂದುಕೊಂಡಿದ್ದಾರೆ ಎಂದು ಅವಳೇ ಹೇಳಿ ನಗುತ್ತಾಳೆ. ಹಲಸೂರಿನಲ್ಲಿ ಏನು ಕೆಲಸ ಭಾಯ್ ಎಂದು ಕೇಳಿದಳು. ಅವನು ನಿಜವನ್ನೇ ಹೇಳಿದ, ಸ್ಟೇಷನ್ ಬಿಟ್ಟೆ ಅಂತ. ಸ್ಕ್ರಿಪ್ಟು ಓದಿದ್ದೀರಾ ಹಾಗಾದರೆ ಎಂದಳು. ಆಮೇಲೆ, ನಿಮ್ಮ ಯಂಕಮ್ಮನಿಗೆ ಅಪ್ಪನನ್ನಾದರೂ ಬದಲಿಸಿ ಕೊಟ್ಟರು, ನಮ್ಮ ಅಬ್ಬಾಗೆ ಅಷ್ಟೂ ಯೋಗ ಬರಲಿಲ್ಲ, ಬರೀ ಅವರಿಟ್ಟ ಹೆಸರು ತೆಗೆದರು ಎಂದು ತಮಾಷೆಯಾಗಿಯೇ ಹೇಳಿದಳು. ಆ್ಯಪಿನಲ್ಲಿ ಅವಳ ಹೆಸರು ಜಾನು. ಅಪ್ಪ ಕರೆಯುವ ಹೆಸರು ಕೇಳುಗರಿಗೆ ಉದ್ದವಾಗುತ್ತದೆ ಎಂದು ಯಾರೋ ಹೇಳಿದ್ದರು. ಉದ್ದ ಎಂಬ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ದನಿ ಕೊಟ್ಟವರ ಹೆಸರಿನ ಪಟ್ಟಿಯನ್ನು ಟೈಪು ಮಾಡಿದವನು ದುರ್ಗೇಶ. ಜ, ದೀರ್ಘ, ನ, ಕೊಂಬು. ಬೆರಳಿಗೆ ಆ ನಾಲ್ಕು ಕೀಲಿಗಳು ಇನ್ನೂ ನೆನಪಿದ್ದವು.

“ಒಂದು ಮಾತು ಕೇಳ್ಲಾ ಭಾಯ್,” ಎಂದಳು ಜಹನಾರಾ. “ನಿಮ್ಮೂರ್ ಕನ್ನಡ ಕಲೀಲಿ ಅಂತ ಒಬ್ರು ಚಾಚಾದು ವಾಯ್ಸ್ ಕಳಿಸಿದ್ರಲ್ಲ ನೀವು, ಅವರು ಯಾರು? ದಿನಾ ಕೇಳ್ತೀನಿ. ಈ ಹೊಸ ಡೈಲಾಗು ಅವರ ಬಾಯಲ್ಲಿ ಹೇಳಿ ನೋಡ್ದೆ. ಬರ್ತಾನೇ ಇಲ್ಲ.”

ಊರಿನ ಕಡೆಯ ಒಬ್ಬರು ಅಂತ ಆಗ ಹೇಳಿದ್ದ. ಈಗಲೂ ಅದೇ ಉತ್ತರ ಬಾಯಿಯವರೆಗೆ ಬಂದು ನಿಂತಿತು. ಕಿಟಕಿಯಲ್ಲಿ ಒಂದು ಮಹಡಿಯ ಮೇಲೆ ಒಣಗಿಸಿದ್ದ ಹಸಿರು ಸೀರೆ ಹಾದುಹೋಯಿತು, ಒಂದು ನೀರಿನ ಟ್ಯಾಂಕು, ಒಂದು ಚರ್ಚಿನ ಶಿಲುಬೆ.

“ನಮ್ಮಪ್ಪ,” ಎಂದ.

ಜಹನಾರಾ ಅವನ ಮುಖ ನೋಡಿದಳು. ಅದಕ್ಕೇ, ಅಷ್ಟು ಚೆನ್ನಾಗಿ ಬೈಯ್ತಾರೆ ಎಂದಳು, ಅಷ್ಟೆ.

ಆಫೀಸು ತಲುಪಿದವನು ತನ್ನ ಮೇಜಿಗೆ ಹೋಗದೆ ನೇರ ಬಚ್ಚಲಿಗೆ ಹೋದ. ಮುಖ ತೊಳೆದ. ಕೈಯಿಂದ ಚೆಲ್ಲಿದ ನೀರು ನೆಲದ ಮೇಲೆ ಬಿದ್ದು ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಮೂಲೆಯ ಜಾಲರಿಯ ಕಡೆಗೆ ಸರಸರನೆ ಹರಿದುಹೋಯಿತು. ಎಲ್ಲಿ ಬಿದ್ದರೂ ಅಲ್ಲಿಗೇ ಹೋಗುತ್ತದೆ. ಇಡೀ ಆಫೀಸಿನಲ್ಲಿ ತನ್ನ ದಾರಿ ಸರಿಯಾಗಿ ಗೊತ್ತಿರುವುದು ಈ ನೀರೊಂದಕ್ಕೆ. ಹೋದ ವರ್ಷ ಕಾರ ಹುಣ್ಣಿಮೆಯ ಮರುದಿನ ಅವನು ಊಟದ ಡಬ್ಬಿ ಮನೆಯಲ್ಲೇ ಮರೆತು ಬಂದಿದ್ದ, ಅಪ್ಪ ಕೆಲಸಕ್ಕೆ ಹೋಗುವ ದಾರಿಯಲ್ಲಿ ತಂದುಕೊಡಲು ಬಂದಿದ್ದ, ಸಜ್ಜೆ ರೊಟ್ಟಿ, ಪುಂಡಿ ಪಲ್ಯ. ಕೈಯಲ್ಲಿ ಡಬ್ಬಿ, ಹೆಗಲಲ್ಲಿ ಗಾರೆ ಮೆತ್ತುವ ಕರಣಿ, ಉಳಿ, ಗುಂಡು ಇದ್ದ ಚೀಲ, ಅಂಗಿಯ ಮೇಲೆ ಒಣಗಿದ ಸಿಮೆಂಟು. ಮೆಟ್ಟಿಲ ಮೇಲೆ ಪ್ರಿಯದರ್ಶಿನಿ ಮುಂಬಯಿಯಿಂದ ಬಂದ ಇಬ್ಬರಿಗೆ ಇವನೇ ನಮ್ಮ ಸ್ಟಾರ್ ರೈಟರ್ ಎಂದು ಅವನನ್ನು ತೋರಿಸುತ್ತಿದ್ದಳು. ಕಾವಲಿನ ದತ್ತು ಗೇಟಿನಿಂದ ಕೂಗಿ ಕೇಳಿದ, ಸಾರ್ ಇವರು ಯಾರು, ನಿಮ್ಮನ್ನ ಕೇಳ್ತಿದಾರೆ. ಟೈಲ್ಸ್ ಕೆಲಸಕ್ಕೆ ಬಂದಿರೋರು ಎಂದುಬಿಟ್ಟ ದುರ್ಗೇಶ. ಅವನ ಬಾಯಿಂದ ಅಷ್ಟು ಸರಾಗವಾದ ವಾಕ್ಯ ಯಾವ ಕಂತಿನಲ್ಲೂ ಬಂದಿರಲಿಲ್ಲ. ಆಫೀಸಿನ ಬಚ್ಚಲಿನಲ್ಲಿ ನೀರು ನಿಲ್ಲುತ್ತದೆ ಎಂದು ತಿಂಗಳಿಂದ ದೂರಿತ್ತು, ಅದು ದತ್ತುವಿನ ತಲೆನೋವಾಗಿತ್ತು. ಅವನು ಖುಷಿಯಿಂದ ಅಪ್ಪನ ಕೈ ಹಿಡಿದು ಸೀದಾ ಮೇಲೆ ಕರೆದುಕೊಂಡು ಹೋಗಿ ಬಚ್ಚಲು ತೋರಿಸಿದ. ಅಪ್ಪ ಬಗ್ಗಿ ನೋಡಿದ, ಚೀಲ ಇಳಿಸಿದ. ಸಂಜೆ ನಾಲ್ಕರವರೆಗೆ ನೆಲ ಕಿತ್ತು, ಇಳಿಜಾರು ಕೊಟ್ಟು, ಮತ್ತೆ ಕೂರಿಸಿದ. ಗೋಡೆಯ ಈಚೆ ಕೂತಿದ್ದ ದುರ್ಗೇಶನಿಗೆ ಪ್ರತಿಯೊಂದು ಬಡಿತವೂ ಕೇಳುತ್ತಿತ್ತು. ಯಾವುದು ಉಳಿ, ಯಾವುದು ಕರಣಿಯ ಹಿಡಿಯಿಂದ ಟೈಲು ತಟ್ಟಿ ಟೊಳ್ಳು ನೋಡುವುದು, ಎಲ್ಲವೂ ಗೊತ್ತಾಗುತ್ತಿತ್ತು. ಎದ್ದು ಹೋಗಲಿಲ್ಲ. ಗೋಡೆ ಬಡಿದು ಟೊಳ್ಳು ಹುಡುಕುವ ಯಂಕಮ್ಮನನ್ನು ಅವನು ಬರೆದದ್ದು ಆ ಮಧ್ಯಾಹ್ನವೇ, ಆ ಸದ್ದನ್ನು ಕೇಳುತ್ತಲೇ. ರಾತ್ರಿ ಮನೆಯಲ್ಲಿ ಅಪ್ಪ ಹೆಮ್ಮೆಯಿಂದ, ನಿಮ್ಮ ಆಫೀಸಿನ ಬಚ್ಚಲಕ್ಕ ಇಳಿಜಾರೇ ಇದ್ದಿದ್ದಿಲ್ಲೋ ಎಂದಿದ್ದ. ಗೇಟಿನಲ್ಲಿ ಆಡಿದ ಸುಳ್ಳು ಅಪ್ಪನಿಗೆ ಗೊತ್ತಾಗಿಲ್ಲ ಎಂದು ನಂಬುವುದಕ್ಕೆ ದುರ್ಗೇಶ ಅಂದಿನಿಂದ ಬಹಳ ಶ್ರಮಪಟ್ಟಿದ್ದ.

ಪ್ರಿಯದರ್ಶಿನಿ ಫಿಲ್ಟರ್ ಕಾಫಿ ತರಿಸಿ, ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಎಲ್ಲವನ್ನೂ ವಿವರಿಸಿದಳು. ಹತ್ತನೇ ಕಂತಿನಿಂದ ಕೇಳುವವರು ಕಡಿಮೆಯಾಗುತ್ತಿದ್ದಾರಂತೆ. ಇವಳು ಯಾಕೆ ಗೆಲ್ಲಬೇಕು, ಇವಳಲ್ಲಿ ಅಂಥದ್ದೇನಿದೆ ಎಂದು ಜನ ಕೇಳುತ್ತಾರಂತೆ. ದುರ್ಗೇಶ, ಅವಳಿಗೆ ಗೋಡೆ ಕಟ್ಟಲು ಬರುತ್ತದೆ ಎಂದ. ಅದು ಸ್ಕಿಲ್ ಕಣೋ, ಡೆಸ್ಟಿನಿ ಅಲ್ಲ ಎಂದಳು ಅವಳು, ಪ್ರೀತಿಯಿಂದಲೇ. ಗೌಂಡಿಯ ಮಗಳು ಗೆದ್ದರೆ ಅದು ಒಂದು ಸುದ್ದಿ, ರಾಜನ ಮಗಳು ಗೌಂಡಿಯ ಮನೆಯಲ್ಲಿ ಬೆಳೆದು ಗೆದ್ದರೆ ಅದು ಒಂದು ಕಥೆ. ಇದನ್ನು ಹೇಳುವಾಗ ಅವಳಿಗೆ ಏನೂ ಅನ್ನಿಸಲಿಲ್ಲ ಎಂಬುದು ದುರ್ಗೇಶನಿಗೆ ಕಾಣುತ್ತಿತ್ತು. ಬೆಟ್ಟ ಹತ್ತುವುದಕ್ಕೂ ನೀರು ಬಿಡಿಸುವುದಕ್ಕೂ ಎಲ್ಲಿಯೋ ಯಾವನೋ ಕಿರೀಟದವನು ಹುಟ್ಟಿಸಿರಬೇಕು. ಹಾಗಲ್ಲದೆ ಹತ್ತಿದವರದ್ದು ಬರೀ ಕೂಲಿ. ಸಾವಿರಾರು ವರ್ಷಗಳಿಂದ ಇದನ್ನೇ ಹೇಳಿಕೊಂಡು ಬಂದವರು ಈಗ ಅದಕ್ಕೆ ಹನ್ನೆರಡು ಮನೆ ಬರೆದು ಪ್ಲಾಸ್ಟಿಕ್ಕು ಹೊದಿಸಿ ಗೋಡೆಗೆ ತೂಗುಹಾಕಿದ್ದಾರೆ. ಚಾರ್ಟು ಒಂದಿಷ್ಟು ಎಡಕ್ಕೆ ವಾಲಿತ್ತು. ಅಪ್ಪನಿದ್ದಿದ್ದರೆ ಮೊದಲು ಅದನ್ನು ನೆಟ್ಟಗೆ ಮಾಡುತ್ತಿದ್ದ.

ಅವನಿಂದ ಬೇಕಾಗಿದ್ದ ಇಪ್ಪತ್ತು ಸೆಕೆಂಡು ಇದು: ಕಂತಿಗೆ ಮುಂಚೆ ಲೇಖಕ ತನ್ನ ದನಿಯಲ್ಲಿ ಎರಡು ಮಾತು ಹೇಳಬೇಕು. ಅವಳು ಹಾಳೆ ಕೊಟ್ಟಳು. ‘ನಮಸ್ಕಾರ, ನಾನು ದುರ್ಗೇಶ. ಯಂಕಮ್ಮನ ಅಪ್ಪ ಗೌಂಡಿ ಅಲ್ಲ ಅಂತ ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ನಿಮ್ಮಿಂದ ಮುಚ್ಚಿಟ್ಟಿದ್ದೆ.’ ಓದದಿದ್ದರೆ ಏನಾಗುತ್ತದೆ ಎಂದು ಕೇಳಿದ. ಏನಾಗಲ್ಲ, ಹೆಸರಿನ ಜಾಗದಲ್ಲಿ ಟೀಮ್ ಅಂತ ಬರುತ್ತೆ, ಮುಂದಿನ ಕಂತು ಬೇರೆಯವರು ಬರೀತಾರೆ, ಆದರೆ ನೀನು ಓದ್ತೀಯ ಬಿಡು ಎಂದು ಅವಳು ಅವನ ಬೆನ್ನು ತಟ್ಟಿ ಹೋದಳು.

ಹಾಳೆಯ ಮೇಲೆ ಏನಾದರೂ ಭಾರ ಇಡಲು ಡ್ರಾಯರ್ ಎಳೆದಾಗ ಸ್ಟೀಲಿನ ಡಬ್ಬಿ ಸಿಕ್ಕಿತು. ಹೋದ ವರ್ಷದ್ದೇ. ತೊಳೆದು ಇಟ್ಟು, ಮನೆಗೆ ಒಯ್ಯಲು ನಾಚಿಕೆಯಾಗಿ, ಅಲ್ಲೇ ಬಿಟ್ಟಿದ್ದ. ಅಷ್ಟರಲ್ಲಿ ಫೋನು ಬಂತು, ಅಪ್ಪನದೇ. ಊಟದ ಹೊತ್ತು, ಹಿಂದೆ ಇಪ್ಪತ್ತು ಜನರ ಗಲಾಟೆ ಕೇಳುತ್ತಿತ್ತು. ನಾಳೆ ಯಂಕಮ್ಮ ಏಳನೇ ಕೋಟೆಯೊಳಗೆ ಹೇಗೆ ಹೋಗುತ್ತಾಳೆ ಎಂದು ಪಂಥ ಬಿದ್ದಿದೆಯಂತೆ. ಕೆಲವರು ಹಾರಿ ಹೋಗುತ್ತಾಳೆ ಅನ್ನುತ್ತಾರಂತೆ. ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವರು ಏಣಿ ಅನ್ನುತ್ತಾರಂತೆ, ಅವರಿಗೆ ಅಷ್ಟೇ ಗೊತ್ತಿರುವುದಂತೆ. ನಾನು ಗ್ವಾಡಿ ಬಡದ ನೋಡ್ತಾಳ ಅಂದೀನಿ, ಖರೇ ಹೌದಿಲ್ಲೋ ಹೇಳು ಎಂದ ಅಪ್ಪ. ದುರ್ಗೇಶ ಗೋಡೆಯ ಮಾತಿಗೆ ಉತ್ತರ ಕೊಡುವ ಬದಲು, ಯಾಕೆಂದು ಅವನಿಗೇ ತಿಳಿಯದ ಹಾಗೆ, ಅಪ್ಪಾ, ಅವತ್ತು ಗೇಟಿನ ಹತ್ತಿರ ನೀನು ನಮ್ಮಪ್ಪ ಅಂತ ನಾನು ಹೇಳಲಿಲ್ಲ ಎಂದ.

“ಗೊತ್ತೈತಲ್ಲ,” ಎಂದ ಜಟ್ಟೆಪ್ಪ, ರೊಟ್ಟಿ ಅಗಿಯುತ್ತಲೇ. “ನಾ ಅಲ್ಲೇ ನಿಂತಿದ್ನಲ್ಲೋ, ಕಿವುಡೇನು? ಟೈಲ್ಸ್ ಕೆಲಸಕ್ಕ ಬಂದಾನ ಅಂದಿ. ಅಷ್ಟು ಮಂದ್ಯಾಗ ನಾ ವಲ್ಲೆ ಅಂದಿದ್ರ ನಿನ್ನ ಮಾತು ಸುಳ್ಳಾಗ್ತಿತ್ತು. ಅದಕ್ಕ ಕೂತು ಮಾಡ್ದೆ, ಖರೇ ಆತು.” ಒಂದು ಗುಟುಕು ನೀರು ಕುಡಿದ ಸದ್ದು. “ನೀರು ಹೆಂಗ ಹರಿತೈತಿ ಈಗ?”

“ಚೆನ್ನಾಗಿ ಹರೀತೈತಿ.”

“ಹರೀತೈತಿ. ಹರೀಲಾರದ ಏನು. ನಿಮ್ಮವ್ವ ಡಬ್ಬಿ ಎಲ್ಲೋ ಅಂತ ವರ್ಷಾತು ಬೈಯಾಕತ್ತಾಳ, ಅದನ್ನ ತಗೊಂಬಾ ಮೊದಲ.”

ಫೋನು ಇಟ್ಟ ಮೇಲೂ ದುರ್ಗೇಶನ ಕಿವಿಯಲ್ಲಿ ಆ ಇಪ್ಪತ್ತು ಜನರ ಗಲಾಟೆ ಇತ್ತು. ಅಪ್ಪ ಬೈದಿದ್ದರೆ, ಒಂದು ಸಾರಿ ಅತ್ತಿದ್ದರೆ, ಒಪ್ಪಿಕೊಂಡು ಹಗುರಾಗಬಹುದಿತ್ತು. ಅದರ ಬದಲು ಆ ಮನುಷ್ಯ ಮಗನ ಸುಳ್ಳಿಗೆ ಇಳಿಜಾರು ಕೊಟ್ಟು, ಸಿಮೆಂಟು ಹಾಕಿ, ನಿಜ ಮಾಡಿ ಎದ್ದುಹೋಗಿದ್ದ. ಒಂದು ಪೂರ್ತಿ ದಿನ ಮೊಣಕಾಲ ಮೇಲೆ ಕೂತು. ಆಶ್ಚರ್ಯವೆಂದರೆ ದುರ್ಗೇಶನಿಗೆ ದುಃಖ ಬರಲಿಲ್ಲ. ಮೈಯೊಳಗೆ ಎಲ್ಲೋ ಒಂದು ಕಡೆ ತಿಂಗಳುಗಟ್ಟಲೆ ನಿಂತಿದ್ದ ನೀರು ಜಾಲರಿ ಹುಡುಕಿಕೊಂಡು ಹರಿದಂತಾಯಿತು. ಸೆಂಟ್ರಿಂಗಿನವರ ಏಣಿ ನೆನಪಾಗಿ ಮತ್ತೆ ನಗು ಬಂತು, ಈ ಸಲ ನಾಚಿಕೆಯಾಗಲಿಲ್ಲ.

ರೆಕಾರ್ಡಿಂಗಿನ ಕೋಣೆ, ಈ ಆಫೀಸು ಇನ್ನೂ ಮನೆಯಾಗಿದ್ದಾಗ, ಮಾಲೀಕರ ದೇವರ ಕೋಣೆಯಾಗಿತ್ತು. ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿದ್ದರೂ ಮಳೆ ಬಂದ ದಿನ ಕರ್ಪೂರದ ವಾಸನೆ ಬರುತ್ತಿತ್ತು. ದುರ್ಗೇಶ ಒಳಗೆ ಹೋಗಿ, ಡಬ್ಬಿಯನ್ನು ಮೈಕಿನ ಪಕ್ಕದಲ್ಲಿಟ್ಟು, ಹೆಡ್‌ಫೋನು ಹಾಕಿಕೊಂಡ. ಗಾಜಿನ ಆಚೆ ಪ್ರಿಯದರ್ಶಿನಿ, ಅವಳ ಹಿಂದೆ ಬಾಗಿಲಿಗೆ ಒರಗಿ ತನ್ನ ಸರದಿಗೆ ಕಾಯುತ್ತಿದ್ದ ಜಹನಾರಾ. ಕೆಂಪು ದೀಪ ಹತ್ತಿತು. ಹಾಳೆಯ ಮೇಲಿನ ಅಕ್ಷರಗಳನ್ನು ಅವನು ಮನಸ್ಸಿನಲ್ಲೇ ಒಂದು ಸಾರಿ ಓದಿಕೊಂಡ. ಹೆಸರು ಹೋಗುತ್ತದೆ. ಮುಂದಿನ ಸೋಮವಾರದಿಂದ ಯಂಕಮ್ಮ ಯಾರದೋ ಕೈಯಲ್ಲಿ ಯಾವುದೋ ರಾಜಕುಮಾರನನ್ನು ಮದುವೆಯಾಗುತ್ತಾಳೆ. ಅದು ನೋಯುತ್ತದೆ, ಚೆನ್ನಾಗಿಯೇ ನೋಯುತ್ತದೆ. ಆದರೆ ನಾಳೆ ಬಾಂಡ್ಲಿಯೊಳಗಿನಿಂದ ಈ ಮಾತು ತನ್ನ ದನಿಯಲ್ಲಿ ಹೊರಟರೆ, ಅದನ್ನೂ ನಿಜ ಮಾಡಲು ಆ ಮನುಷ್ಯ ಏನು ಮಾಡಿಯಾನು, ನಕ್ಕು, ರೊಟ್ಟಿ ಅಗಿಯುತ್ತ, ಹೌದ್ರಪ್ಪ ಆಕಿ ನಮ್ಮಾಕಿ ಅಲ್ಲ ಎಂದು ಇಪ್ಪತ್ತು ಜನರ ಮುಂದೆ ಒಪ್ಪಿಕೊಂಡುಬಿಟ್ಟಾನು.

“ಓದು ಮಗಾ, ರೋಲಿಂಗು,” ಎಂದಳು ಪ್ರಿಯದರ್ಶಿನಿ, ಕಿವಿಯೊಳಗೆ.

“ಯಂಕಮ್ಮನ ಅಪ್ಪ ಗೌಂಡಿ,” ಎಂದ ದುರ್ಗೇಶ. “ಇದನ್ನ ನಾನು ಓದಲ್ಲ.”

ಗಾಜಿನ ಆಚೆ ಅವಳು ನಕ್ಕಳು. ನಿಜವಾಗಿಯೂ ಖುಷಿಯಾಗಿಯೇ ನಕ್ಕಳು, ಮೂರು ಬೆರಳು ಎತ್ತಿ ತೋರಿಸಿದಳು. “ಆಯ್ತು ಗುರು, ಮೂರನೇ ಸ್ಟೆಪ್ಪು. ಹೀರೋ ಬೇಡ ಅಂದ. ಎಲ್ಲಾ ಹೀರೋಗಳೂ ಅಂತಾರೆ, ಆಮೇಲೆ ಹೋಗ್ತಾರೆ. ಈಗ ಓದು.”

ಅವಳ ಹಿಂದೆ ಜಹನಾರಾ ಒರಗಿದ್ದವಳು ನೆಟ್ಟಗಾದಳು. ದುರ್ಗೇಶ ಹಾಳೆಯನ್ನು ನಾಲ್ಕಾಗಿ ಮಡಚಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದ. ಮುಚ್ಚಳದ ಸದ್ದಿಗೆ ಗಾಜಿನ ಆಚೆ ಮೀಟರಿನ ಹಸಿರು ಗೆರೆ ಜಿಗಿದು ಕೂತಿತು. ಅವನ ಮನೆಯಲ್ಲಿ ಯಾರೂ ಇದುವರೆಗೆ ಕೆಲಸ ಕೊಟ್ಟವರ ಮುಂದೆ ಆಡದ ಒಂದು ಮಾತು, ಅವತ್ತು ಗೇಟಿನಲ್ಲಿ ಆಡಲಿಲ್ಲ ಎಂದು ಅಪ್ಪ ಮಧ್ಯಾಹ್ನ ಫೋನಿನಲ್ಲಿ ಹೇಳಿದ ಮಾತು, ಆಫೀಸಿನ ಕನ್ನಡವಲ್ಲದ ಕನ್ನಡದಲ್ಲಿ ಅವನ ಬಾಯಿಗೆ ಬಂತು. ಮೈಕಿನ ಹತ್ತಿರಕ್ಕೆ ಬಾಗಿದ.

“ವಲ್ಲೆ,” ಎಂದ.